ದೀಪದವನ ಹದಿಮೂರು ಚೀಟಿಗಳು

ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವುದರಲ್ಲೇ ತಲೆ ನೆರೆಸಿಕೊಂಡಿದ್ದ ಪಂಡಿತರು, ಗ್ರಂಥಾಲಯದ ಮೇಜಿನ ಮೇಲಿದ್ದ ಇಪ್ಪತ್ತಾರು ಬಣ್ಣದ ಸಂಚಿಕೆಗಳನ್ನು ಕಳ್ಳಮಾಲನ್ನು ನೋಡುವಂತೆ ನೋಡಿದರು. ಎರಡು ಚಂದ್ರರುದಿಸುವ ನಾಡೊಂದರ ಆ ಮಾಯಾಚಿತ್ರಕಥೆ ತಿಂಗಳಿಗೊಂದರಂತೆ ಇನ್ನೂ ಹೊರಬರುತ್ತಿತ್ತು. ಪಂಡಿತರು ಸಂಜೆಯ ಸಭೆಯಲ್ಲಿ 'ನಿಸ್ಸಾರ' ಎಂದು ಬರೆದುಕೊಟ್ಟರೆ ಇಪ್ಪತ್ತಾರೂ ರದ್ದಿಗೆ, ಮುಂದಿನವನ್ನು ತರಿಸುವಂತಿಲ್ಲ. ಇದು ಗ್ರಂಥಾಲಯ ಸಮಿತಿಯ ಅಧ್ಯಕ್ಷರ ಆಜ್ಞೆ.

ಅದನ್ನು ತರಿಸಲಾರಂಭಿಸಿದ ಗ್ರಂಥಪಾಲಕಿ ಪಂಡಿತರ ಅಕ್ಕನ ಮಗಳು. ಆದುದರಿಂದಲೇ ಅವರ ಮೊದಲ ಶಂಕೆ ಅವಳ ಮೇಲೆ.

"ಸಂಬಂಧ ನೋಡಿ ತೀರ್ಪು ಕೊಡೋನಲ್ಲ ನಾನು."

"ಗೊತ್ತು ಮಾವ. ಅಮ್ಮನ ಅಡುಗೆಗೇ ತಿದ್ದುಪಡಿ ಪಟ್ಟಿ ಬರೆದುಕೊಟ್ಟೋರು ನೀವು."

"ನಗಿಸಿ ಒಪ್ಪಿಗೆ ಗಿಟ್ಟಿಸ್ಕೋಬಹುದು ಅಂದ್ಕೊಂಡ್ಯಾ?"

"ನೀವು ನಕ್ಕಿದ್ದನ್ನ ಈ ಜನ್ಮದಲ್ಲಿ ಯಾರು ನೋಡಿದಾರೆ? ಪೂರ್ತಿ ಓದಿದ್ರೆ ಅಷ್ಟೇ ಸಾಕು."

ನಾಲ್ಕು ದಿನ ಕುಳಿತು ಅವರು ಪೂರ್ತಿಯೇ ಓದಿದ್ದರು. ಕಥೆ ಇಷ್ಟು: ಕಿರಿಯ ವಯಸ್ಸಿನ ರಾಣಿಯ ತಾಯಿ ಕಾಣೆಯಾಗಿದ್ದಾಳೆ, ಅವಳು ಹೇಗೆ ಕಾಣೆಯಾದಳೆಂಬುದನ್ನು ಅರಮನೆಯಲ್ಲಿ ದೀಪ ಹಚ್ಚುವ ಮುದುಕ, ದಾದಿ, ಸೇನಾಪತಿ, ಒಮ್ಮೆ ರಾಣಿಯೂ, ಒಬ್ಬೊಬ್ಬರಾಗಿ ಹೇಳುತ್ತಾರೆ. ಪಂಡಿತರು ಕಂಡ ದೋಷಗಳು ಹದಿನಾಲ್ಕು. ಎರಡನೆಯ ಸಂಚಿಕೆಯಲ್ಲಿ ಸೇತುವೆಗೆ ಏಳು ಕಮಾನುಗಳು, ಒಂಬತ್ತನೆಯದರಲ್ಲಿ ಆರು. ತಾಯಿಯ ಉಂಗುರ ಒಮ್ಮೆ ಎಡಗೈಯಲ್ಲಿ, ಒಮ್ಮೆ ಬಲಗೈಯಲ್ಲಿ. ಎಂದೂ ಒಟ್ಟಿಗೆ ಹುಣ್ಣಿಮೆ ಕಾಣದ ಆ ಎರಡು ಚಂದ್ರರು ಒಂದು ರಾತ್ರಿ ಒಟ್ಟಿಗೇ ತುಂಬಿದ್ದರು. ಚಿತ್ರಕಾರನ ಉದಾಸೀನಕ್ಕೆ ಇನ್ನೇನು ಸಾಕ್ಷಿ ಬೇಕು?

ದೋಷಕ್ಕೊಂದರಂತೆ ಚೀಟಿ ಬರೆಯುವುದು ಅವರ ಪದ್ಧತಿ: ಮೇಲೆ ಪುಟ, ನಡುವೆ ದೋಷ, ಕೆಳಮೂಲೆಯಲ್ಲಿ ಹಸ್ತಪ್ರತಿಯನ್ನು ನಕಲಿಸಿದ ಪ್ರತಿಕಾರನ ಹೆಸರಿನ ಮೊದಲಕ್ಷರ. ಇಲ್ಲಿ ಪ್ರತಿಕಾರನೇ ಇಲ್ಲದ್ದರಿಂದ ಆ ಮೂಲೆಯನ್ನು ಬಿಟ್ಟಿದ್ದರು. ಖಾಲಿ ಮೂಲೆ ಅವರ ಕಣ್ಣನ್ನು ಚುಚ್ಚತೊಡಗಿತು. ವರದಿ ಅಪೂರ್ಣವೆನಿಸಬಾರದೆಂದು, ಆ ಚಿತ್ರ ಯಾರು ಹೇಳುವ ಕಥೆಯಲ್ಲಿ ಬಂದಿದೆಯೋ ಅವರ ಮೊದಲಕ್ಷರವನ್ನಾದರೂ ತುಂಬಿಸೋಣವೆಂದು ಕುಳಿತರು.

ಮೊದಲ ಚೀಟಿಗೆ 'ದೀ', ದೀಪದವನು. ಎರಡನೆಯದಕ್ಕೂ 'ದೀ'. ಐದನೆಯದಕ್ಕೂ ಅದೇ ಅಕ್ಷರ ಬರೆಯುವಾಗ ಲೇಖನಿ ನಿಂತಿತು. ಒಬ್ಬನ ಕೈಯಲ್ಲೇ ಮರುಕಳಿಸುವ ದೋಷ ದೋಷವಲ್ಲ, ಆ ಕೈಯ ಉದ್ದೇಶ ಎಂದು ಮೂವತ್ತು ವರ್ಷ ಶಿಷ್ಯರಿಗೆ ಬೋಧಿಸಿದ್ದವರು ಅವರೇ. ಕೊನೆಯದೊಂದನ್ನು ಬಿಟ್ಟು ಉಳಿದವನ್ನು ಬೇಗ ಬೇಗ ತುಂಬಿಸಿದರು. ಹದಿಮೂರು 'ದೀ'.

"ಆ ಮುದುಕ ಸುಳ್ಳು ಹೇಳ್ತಿದಾನೆ," ಎಂದರು ಮೆಲ್ಲನೆ. "ಮೊದಲಿಂದ್ಲೂ."

ಗ್ರಂಥಪಾಲಕಿ ತಲೆಯೆತ್ತಿದಳು. "ಯಾವ ಮುದುಕ? ದೀಪದ ತಾತನಾ? ಪಾಪ ಮಾವ, ಅಂಥ ಒಳ್ಳೇ ಮನುಷ್ಯ."

"ಒಳ್ಳೇ ಮನುಷ್ಯನಂತೆ. ಕಳೆದ ತಿಂಗಳ ಸಂಚಿಕೇಲಿ ಆ ಹುಡುಗಿ ರಾಣಿ ಅರಮನೆ ಗೋಪುರದ ಬೀಗದ ಕೈ ಕೊಟ್ಟಿದ್ದು ಯಾರ ಕೈಗೆ?"

ಅವಳು ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟಳು.

ಹದಿನಾಲ್ಕನೆಯ ಚೀಟಿ ಉಳಿದಿತ್ತು. ಪಂಡಿತರು ಪುಟ ತೆರೆದು ಎರಡು ಸಲ ನೋಡಿ, ದೇವರನ್ನು ನೆನೆದು, ಮೂಲೆಯಲ್ಲಿ 'ರಾ' ಎಂದು ಬರೆದರು. ಆ ಒಂದು ಸುಳ್ಳು ರಾಣಿಯದೇ. ಅಂದರೆ ಮುದುಕನ ಸುಳ್ಳೆಲ್ಲ ಅವಳಿಗೆ ಗೊತ್ತೇ? ಅವಳು ಅವನಿಗೆ ಕೊಟ್ಟದ್ದು ನಿಜವಾದ ಬೀಗದ ಕೈಯೇ?

ಸಂಜೆ ಸಭೆಯಲ್ಲಿ ಅಧ್ಯಕ್ಷರು ರದ್ದಿಯವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದರು.

"ತಪ್ಪು ಎಷ್ಟು ಸಿಕ್ಕಿದ್ವು ಪಂಡಿತರೇ?"

"ಹದಿನಾಲ್ಕು."

"ಮತ್ತೇನು, 'ನಿಸ್ಸಾರ' ಅಂತ ಬರೆದು ಸಹಿ ಹಾಕಿ."

"ಆಗಲ್ಲ. ಅವು ತಪ್ಪುಗಳಲ್ಲ, ಸಾಕ್ಷಿಗಳು. ವಿಚಾರಣೆ ನಡೀತಾ ಇರೋವಾಗ ಕಡತಾನ ರದ್ದಿಗೆ ಹಾಕ್ತಾರಾ?"

ಅಧ್ಯಕ್ಷರು ಒಮ್ಮೆ ಮಾವನನ್ನೂ ಒಮ್ಮೆ ಸೊಸೆಯನ್ನೂ ನೋಡಿದರು. "ಅಕ್ಕನ ಮಗಳು ಚೆನ್ನಾಗಿ ಪಾಠ ಹೇಳಿಕೊಟ್ಟ ಹಾಗಿದೆ."

"ಅವಳು ಇವತ್ತಿನ ತನಕ ಕಥೆಯಲ್ಲಿನ ಆ ದೀಪದವನನ್ನ ನಂಬಿದ್ಲು. ನನ್ನ ಮಾತನ್ನ ನಂಬಬೇಡಿ, ನೀವೇ ಪರೀಕ್ಷೆ ಮಾಡಿ." ಪಂಡಿತರು ಚೀಟಿಗಳ ಕಟ್ಟನ್ನು ಮೇಜಿನ ಮೇಲೆ ಸರಿಸಿದರು.

"ಮಾಡದೆ ಬಿಡ್ತೀನಾ?" ಅಧ್ಯಕ್ಷರು ಕನ್ನಡಕ ಏರಿಸಿ ಎರಡನೆಯ ಸಂಚಿಕೆಯನ್ನೆಳೆದುಕೊಂಡು ಕಮಾನುಗಳನ್ನೆಣಿಸಿದರು. ಒಂಬತ್ತನೆಯದನ್ನೂ ಎಣಿಸಿದರು. ಮತ್ತೆ ಮೊದಲಿನಿಂದ, ಬೆರಳಿಟ್ಟು. ರದ್ದಿಯವನು ಕೆಮ್ಮಿದ.

"ನೀನಿನ್ನೂ ಇಲ್ಲೇ ಇದೀಯಾ? ಹೋಗಪ್ಪ," ಎಂದರು ಪುಟದಿಂದ ಕಣ್ಣು ತೆಗೆಯದೆ. "ಆ ದೀಪದವನು ಮೊದಲು ಬರೋದು ಎಷ್ಟನೇ ಪುಟದಲ್ಲಿ?"