ಓದಿ ಹೇಳದ ಅರ್ಜಿ

ಕುಣಿಗಲ್ ತಾಲ್ಲೂಕು ಕಚೇರಿಯ ಎದುರಿಗಿರುವ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಅನಂತರಾಜುವಿನ ಮೇಜು. ಇಪ್ಪತ್ತೇಳು ವರ್ಷದಿಂದ ಅದು ಅಲ್ಲಿಂದ ಕದಲಿಲ್ಲ. ಬಲಕ್ಕೆ ಬಿಳಿ ಹಾಳೆಯ ಕಟ್ಟು, ಎಡಕ್ಕೆ ಇಂಕ್ ಪ್ಯಾಡು, ನಡುವೆ ಎರಡು ಪೆನ್ನು. ಬರೆಯುವುದಕ್ಕೆ ನೀಲಿ, ಅಡಿಗೆರೆ ಎಳೆಯುವುದಕ್ಕೆ ಕೆಂಪು. ಎದುರಿಗೊಂದು ಮರದ ಬೆಂಚು. ಅದರ ಮೇಲೆ ಕೂರುವ ಜನರನ್ನು ಅನಂತರಾಜು ಹೆಸರು ಹಿಡಿದು ಕರೆದದ್ದು ಕಡಿಮೆ. ಅವನ ಲೆಕ್ಕದಲ್ಲಿ ಅವರೆಲ್ಲ ಹೆಬ್ಬೆಟ್ಟುಗಳು.

"ಇವತ್ತು ಎಷ್ಟು ಹೆಬ್ಬೆಟ್ಟು ಬಂದ್ವು ಅಣ್ಣ?" ಎಂದು ಪಕ್ಕದ ಜೆರಾಕ್ಸ್ ಅಂಗಡಿಯವನು ಸಂಜೆ ಕೇಳಿದರೆ, "ಹನ್ನೆರಡು. ಒಂದಕ್ಕಾದ್ರೂ ತಲೆ ಅನ್ನೋದು ಇದ್ದಿದ್ರೆ ಕೇಳು," ಎನ್ನುತ್ತಿದ್ದ.

ಆ ಸೋಮವಾರ ಬೆಂಚಿನ ಮೇಲೆ ಹುತ್ರಿದುರ್ಗದ ಕಡೆಯ ಬೀರಯ್ಯ ಕೂತಿದ್ದ. ಎಪ್ಪತ್ತರ ಹತ್ತಿರದ ವಯಸ್ಸು. ಟವಲನ್ನು ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡು ಹೇಳತೊಡಗಿದ.

"ನಮ್ಮಪ್ಪನ ಕಾಲದಾಗೆ ಅಲ್ಲೊಂದು ಹುಣಸೆ ಮರ ಇತ್ತು ಸ್ವಾಮಿ. ಆ ಮರದ ಮಗ್ಗುಲಾಗೆ ಗಾಡಿ ಓಡಾಡ್ತಿತ್ತು. ಈಗ ಮೇಲ್ಗಡೆ ಹೊಲದೋನು..."

ಅನಂತರಾಜು ಪೆನ್ನನ್ನು ಮೇಲಕ್ಕೆತ್ತಿದ. ಅದು ಅವನ ಪದ್ಧತಿ. ಪೆನ್ನು ಮೇಲೆದ್ದರೆ ಎದುರಿನವರು ಬಾಯಿ ಮುಚ್ಚಬೇಕು.

"ಹುಣಸೆ ಮರದ ಪುರಾಣ ನಂಗ್ಯಾಕಯ್ಯ? ಮೇಲಿನ ಹೊಲದೋನು ಬೇಲಿ ಹಾಕವ್ನೆ. ಹೌದೋ ಅಲ್ವೋ?"

"ಹೌದು ಸ್ವಾಮಿ, ಆದ್ರೆ..."

"ಆಯ್ತಲ್ಲ ಮತ್ತೆ. ಅದುನ್ನ ಒತ್ತುವರಿ ಅಂತಾರೆ. ಬುಡು, ನಾನು ಬರ್ಕೊಳ್ತೀನಿ."

ಐದು ನಿಮಿಷದಲ್ಲಿ ಹಾಳೆ ತುಂಬಿತು. ಅಕ್ಷರ ಅಚ್ಚು ಹಾಕಿದ ಹಾಗೆ ದುಂಡಗೆ. ವಿಷಯದ ಕೆಳಗೆ ಕೆಂಪು ಗೆರೆ. ಬೀರಯ್ಯನ ಹೆಬ್ಬೆರಳನ್ನು ತಾನೇ ಹಿಡಿದು ಪ್ಯಾಡಿಗೆ ಒತ್ತಿ, ಹಾಳೆಗೆ ಒತ್ತಿ, ಕಳಿಸಿದ. ಏನು ಬರೆದೆ ಎಂದು ಬೀರಯ್ಯ ಕೇಳಲಿಲ್ಲ, ಇವನೂ ಹೇಳಲಿಲ್ಲ. ಹೇಳುವ ಪದ್ಧತಿಯೇ ಆ ಮೇಜಿಗಿರಲಿಲ್ಲ.

ಕಚೇರಿಯ ಜಗುಲಿ ಗುಡಿಸಿ ಮುಗಿಸಿದ ಕದರಮ್ಮ ಪೊರಕೆಯನ್ನು ಕಂಬಕ್ಕೆ ಒರಗಿಸಿ, ಸೆರಗಿನಿಂದ ಮೊಬೈಲು ತೆಗೆದುಕೊಂಡು ಬಂದಳು. ಅಮೃತೂರಿನವಳು. ಬೆಳಗಿನ ಪ್ರೈವೇಟ್ ಬಸ್ಸಿಗೆ ಬಂದು ಕಸ ಗುಡಿಸಿ, ನೀರು ತುಂಬಿಸಿ, ಸಂಜೆ ಹೊರಡುವವಳು.

"ಸಾರ್, ಇದು ಸ್ವಲ್ಪ ನೋಡ್ತೀರಾ? ಹತ್ತನೇ ಕ್ಲಾಸ್ ಆನ್‌ಲೈನಲ್ಲಿ ಸೇರ್ಕೊಂಡಿದೀನಿ. ಮೊದ್ಲು ಕನ್ನಡ. ಭಾಷೆ ಮತ್ತು ಸಾಹಿತ್ಯ ಅಂತ. ಕ್ಯಾತ್ಸಂದ್ರದ ಹಾಸ್ಟೆಲ್ಲಲ್ಲಿ ಓದ್ತಾಳಲ್ಲ ನಮ್ಮ ಸುಶ್ಮಿತಾ, ಅವ್ಳೇ ಎಲ್ಲ ತುಂಬಿಸಿದ್ಳು."

ಅನಂತರಾಜು ಮೊದಲು ಮೊಬೈಲು ನೋಡಿದ, ಆಮೇಲೆ ಅವಳ ಪೊರಕೆ ನೋಡಿದ.

"ಮೊಬೈಲಲ್ಲಿ ಹತ್ತನೇ ಕ್ಲಾಸಾ? ಭೇಷ್. ನಾಳೆ ಮುದ್ದೆನೂ ಮೊಬೈಲಲ್ಲೇ ತಿರುವ್ಬೋದು ಬುಡು. ಯಾಕಮ್ಮ ನಿಂಗೆ ಇವೆಲ್ಲ? ಸಾಹಿತ್ಯ ಓದ್ಕೊಂಡು ಕಸ ಗುಡಿಸಿದ್ರೆ ಕಸ ಏನ್ ಹಾಡು ಹೇಳುತ್ತಾ?"

ಕದರಮ್ಮ ನಕ್ಕಳು. ಅವನ ಮಾತಿಗೆ ನಗುವುದು ಅವಳಿಗೆ ರೂಢಿಯಾಗಿತ್ತು.

"ಬೇಕಿತ್ತು ಸಾರ್. ಕನ್ನಡ ಮೇಡಮ್ಮು ಮೊದಲ್ನೇ ಚಟುವಟಿಕೆ ಕೊಟ್ಟವ್ರೆ. ನಿಮ್ಮನ್ನು ನೀವು ಪರಿಚಯ ಮಾಡ್ಕೊಳ್ಳಿ, ಒಂದು ಪುಟ ಬರೀರಿ ಅಂತ. ಗುರುವಾರದ ಕ್ಲಾಸಿಗೆ ಮುಂಚೆ ಫೋಟೋ ತೆಗ್ದು ಹಾಕ್ಬೇಕು. ಅದನ್ನ ಹಾಕ್ದೇ ಇರೋರ ಹೆಸರು ತೆಗ್ದಾಕ್ತಾರಂತೆ. ಆಮೇಲೆ ಒಂದು ವರ್ಷ ಕಾಯ್ಬೇಕು. ಎರಡು ದಿನದಿಂದ ಹಾಳೆ ಮುಂದಿಟ್ಕೊಂಡು ಕೂತಿದೀನಿ, ಒಂದು ಅಕ್ಷರ ಓಡ್ತಿಲ್ಲ. ನೀವು ಬರ್ಕೊಟ್ರೆ ನನ್ನ ಕೈಯಲ್ಲಿ ಎತ್ತಿ ಬರ್ಕೋತೀನಿ."

ಬರೆಯುವುದು ಎಂದರೆ ಯಾರಿಗೂ ಇಲ್ಲ ಎನ್ನುವವನಲ್ಲ ಅನಂತರಾಜು. ಅದರಲ್ಲೂ ನೋಡುವವಳು ಯಾರೋ ಕನ್ನಡ ಟೀಚರಂತೆ. ಪೆನ್ನು ಏನೆಂದು ತೋರಿಸಿಯೇ ಬಿಡೋಣ ಎಂದು ಹೊಸ ಹಾಳೆ ಎಳೆದುಕೊಂಡ.

'ಮಾನ್ಯ ಕನ್ನಡ ಅಧ್ಯಾಪಕರ ಸನ್ನಿಧಾನಕ್ಕೆ. ವಿಷಯ: ಸ್ವಪರಿಚಯ ಮಾಡಿಕೊಳ್ಳುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅಮೃತೂರು ವಾಸಿ ಕದರಮ್ಮ ಕೋಂ ಲೇಟ್ ನರಸಯ್ಯ, ಸುಮಾರು ನಲವತ್ತೊಂದು ವರ್ಷ, ಆದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಕಡುಬಡವಳೂ ಅವಿದ್ಯಾವಂತಳೂ ಆಗಿದ್ದು, ಜೀವನಕ್ಕೆ ಬೇರಾವ ಆಧಾರವೂ ಇರುವುದಿಲ್ಲ. ಆದ್ದರಿಂದ ದಯಾಪರರಾದ ತಾವು ಸದರಿ ಸ್ವಪರಿಚಯವನ್ನು ಮಾನ್ಯ ಮಾಡಿ ಮುಂದಿನ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ.'

ಕದರಮ್ಮ ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿದಳು.

"ಅವಿದ್ಯಾವಂತಳು ಅಂತ ಹಾಕಿದೀರ. ನಾನು ಏಳ್ನೇ ಕ್ಲಾಸು ಓದಿದೀನಲ್ಲ ಸಾರ್?"

"ಏಳನೇ ಕ್ಲಾಸು ಅಂದ್ರೆ ಯಾರಿಗೆ ಕನಿಕರ ಬರುತ್ತಮ್ಮ? ಬರ್ದಿರೋ ಹಂಗೆ ಎತ್ಕೋ. ಸ್ವಂತ ಬುದ್ಧಿ ಉಪಯೋಗಿಸ್ಬೇಡ."

ಅವಳು ಎತ್ತಿ ಬರೆದಳು.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಕ್ಲಾಸು. ಕಚೇರಿಯ ಆವರಣದಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಬೇವಿನ ಮರದ ಹತ್ತಿರ ಮಾತ್ರ. ಕದರಮ್ಮ ಕೈ ತೊಳೆದು ಬಂದು, ಬೆಂಚಿನ ತುದಿಯಲ್ಲಿ ಕೂತು ಮೊಬೈಲು ಹಿಡಿದಳು. ಅನಂತರಾಜು ಬುತ್ತಿ ಬಿಚ್ಚಿಕೊಂಡು, ಕೇಳಿಸದವನ ಹಾಗೆ ಕೂತು ಎಲ್ಲವನ್ನೂ ಕೇಳುತ್ತಿದ್ದ.

ಟೀಚರ್ ಕಾವ್ಯ ತುಮಕೂರಿನ ತಮ್ಮ ಮನೆಯಿಂದ ಪಾಠ ಮಾಡುತ್ತಿದ್ದರು. ಧ್ವನಿ ಕೇಳಿದರೆ ಮೂವತ್ತು ದಾಟಿರಲಾರದು. ಮೊದಲು ಗುಬ್ಬಿಯ ಗಾರೆ ಕೆಲಸದ ಮುತ್ತುರಾಜ್ ಎಂಬವನ ಬರಹ ಓದಿದರು. ತಾನು ಕಟ್ಟಿದ ಮೊದಲ ಗೋಡೆ ಸೊಟ್ಟಗಾಗಿದ್ದನ್ನು ಅವನು ಬರೆದಿದ್ದ. ಅನಂತರಾಜು ಮೂಗು ಮುರಿದ. ಗೋಡೆ ಸೊಟ್ಟಗಾದದ್ದೂ ಸಾಹಿತ್ಯವೇ!

ಆಮೇಲೆ ಕದರಮ್ಮನ ಸರದಿ. ಟೀಚರ್ 'ಮುಂದಿನ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ' ಎಂದು ಓದುವಷ್ಟರಲ್ಲಿ ಮೊಬೈಲಿನಿಂದ ನಾಲ್ಕೈದು ಜನರ ನಗು ಒಟ್ಟಿಗೆ ಬಂತು. "ಮೇಡಂ, ಆಯಮ್ಮ ನಿಮ್ಮನ್ನ ತಹಶೀಲ್ದಾರ್ರು ಅಂದ್ಕೊಂಡವ್ರೆ," ಎಂದ ಒಬ್ಬ.

ಕಾವ್ಯ ನಗಲಿಲ್ಲ.

"ಎಲ್ರೂ ಮ್ಯೂಟ್ ಮಾಡ್ಕೊಳ್ಳಿ. ಕದರಮ್ಮನವರೆ, ನೀವು ಬೇಜಾರು ಮಾಡ್ಕೋಬೇಡಿ. ಇದು ನೀವು ಬರೆದಿದ್ದಲ್ಲ ಅಂತ ಗೊತ್ತಾಗುತ್ತೆ. ಇದನ್ನ ಬರೆದವರು ನಿಮ್ಮ ಜೊತೆ ಎರಡು ನಿಮಿಷ ಕೂತು ಮಾತೇ ಆಡಿಲ್ಲ ಅನ್ಸುತ್ತೆ. ಇದ್ರಲ್ಲಿ ನೀವೇ ಇಲ್ಲ. ಹಾಗಾಗಿ ಇದನ್ನ ನಾನು ತಗೊಳ್ಳೋಕಾಗಲ್ಲ. ಸೋಮವಾರ ಸಂಜೆ ಐದರವರೆಗೆ ಟೈಮ್ ಕೊಡ್ತೀನಿ, ಅದಕ್ಕಿಂತ ಹೆಚ್ಚು ನನ್ನ ಕೈಲಿ ಇಲ್ಲ. ತಪ್ಪಾದ್ರೂ ಪರವಾಗಿಲ್ಲ, ನೀವೇ ಬರೀರಿ. ನಿಮ್ಗೆ ಯಾಕೆ ಓದ್ಬೇಕು ಅನ್ನಿಸ್ತು, ಅಷ್ಟು ಬರೆದ್ರೂ ಸಾಕು."

ಅನಂತರಾಜುವಿನ ಕೈಯಲ್ಲಿದ್ದ ತುತ್ತು ಬುತ್ತಿಗೇ ಬಿತ್ತು. ಇಪ್ಪತ್ತೇಳು ವರ್ಷದಲ್ಲಿ ತಹಶೀಲ್ದಾರರು ಎಷ್ಟೋ ಜನ ಬಂದರು, ಹೋದರು. ಅವನ ಅಕ್ಷರವನ್ನು ಮೆಚ್ಚದವರು ಒಬ್ಬರಿಲ್ಲ. ಈ ನೆನ್ನೆಯ ಹುಡುಗಿ, ಮೊಬೈಲಿನೊಳಗೆ ಕೂತುಕೊಂಡು!

ಕ್ಲಾಸು ಮುಗಿದು ಕದರಮ್ಮ ಎದ್ದಾಗ ಅವನು ತಡೆಯದೆ ಹೇಳಿಬಿಟ್ಟ.

"ನಿಂಗೆ ಉಪಕಾರ ಮಾಡೋಕೆ ಹೋಗಿ ನನ್ನ ಮರ್ಯಾದೆ ಹೋಯ್ತು. ಹೋಗು, ನೀನೇ ಬರಿ. ಏನ್ ಕಿಸಿತೀಯೋ ನಾನೂ ನೋಡ್ತೀನಿ. ಪೊರಕೆ ಹಿಡಿಯೋ ಕೈಗೆ ಪೆನ್ನು ಕೊಟ್ರೆ ಏನಾಗುತ್ತೆ ಅಂತ ಆ ಮೇಡಮ್ಮಿಗೂ ಗೊತ್ತಾಗ್ಲಿ."

ಈ ಸಲ ಕದರಮ್ಮ ನಗಲಿಲ್ಲ. "ಆಯ್ತು ಸಾರ್, ನಾನೇ ಬರೀತೀನಿ," ಎಂದು ಹೋದಳು.

ಸೋಮವಾರ ಬೆಳಗ್ಗೆ ಮೇಜಿನ ಮೇಲೆ ಮಗಳ ಹಳೇ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ ಇಟ್ಟಳು.

"ಅಕ್ಷರ ತಪ್ಪಿದ್ರೆ ತಿದ್ದಿ ಸಾರ್. ಮಾತು ಬದಲಾಯಿಸ್ಬೇಡಿ."

ಅನಂತರಾಜು ಖುಷಿಯಿಂದಲೇ ಕೆಂಪು ಪೆನ್ನಿನ ಮುಚ್ಚಳ ತೆಗೆದ. ಮೊದಲ ಸಾಲಿನಲ್ಲೇ ಒತ್ತಕ್ಷರ ತಪ್ಪು. ಸುತ್ತು ಹಾಕಿದ. ಎರಡನೇ ಸಾಲಿನಲ್ಲಿ ಇನ್ನೊಂದು. ಅದಕ್ಕೂ ಹಾಕಿದ.

'ನನ್ನ ಹೆಸರು ಕದರಮ್ಮ. ನಾನು ದಿನವೂ ಕಚೇರಿಯ ಜಗುಲಿ ಗುಡಿಸುತ್ತೇನೆ. ಯಾರು ಎಲ್ಲಿಂದ ಬಂದಿದ್ದರು ಎಂದು ಕಸ ನೋಡಿದರೆ ನನಗೆ ತಿಳಿಯುತ್ತದೆ. ಹುತ್ರಿದುರ್ಗದ ಕಡೆಯವರ ಚಪ್ಪಲಿಯಿಂದ ಕೆಮ್ಮಣ್ಣು ಬೀಳುತ್ತದೆ. ನಮ್ಮ ಅಮೃತೂರಿನವರ ಚೀಲದಿಂದ ತೆಂಗಿನ ನಾರು ಉದುರುತ್ತದೆ. ತುಂಬ ಹೊತ್ತು ಕಾದವರು ಟೀ ಕುಡಿದ ಪೇಪರ್ ಲೋಟದ ಅಂಚನ್ನು ಚೂರು ಚೂರು ಹರಿದಿರುತ್ತಾರೆ.'

'ಜಗುಲಿ' ಎಂಬಲ್ಲಿ ಮೂರನೇ ಸುತ್ತು ಹಾಕಿ ಅನಂತರಾಜು ತಲೆಯೆತ್ತಿ ಜಗುಲಿಯ ಕಡೆ ನೋಡಿದ. ಇಷ್ಟು ವರ್ಷ ಎದುರಿಗೇ ಕೂತಿದ್ದರೂ ಆ ಹರಿದ ಲೋಟಗಳು ಅವನ ಕಣ್ಣಿಗೆ ಬಿದ್ದಿರಲಿಲ್ಲ. 'ಕಸದ ವರ್ಣನೆ' ಎಂದು ಗೊಣಗಿ ಮುಂದೆ ಓದಿದ.

'ನನ್ನ ಗಂಡ ತೆಂಗಿನ ಮರ ಹತ್ತಿ ಕಾಯಿ ಕೀಳುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಮರದಿಂದ ಬಿದ್ದು ತೀರಿಕೊಂಡರು. ಪರಿಹಾರಕ್ಕೆ ಅರ್ಜಿ ಬರೆಸಲು ಹೋದೆ. ಅಳು ಬರುತ್ತಿದ್ದರಿಂದ ನಿಧಾನವಾಗಿ ಹೇಳುತ್ತಿದ್ದೆ. ಬರೆಯುವವರು ಪೆನ್ನು ಎತ್ತಿದರು. ಪೆನ್ನು ಎತ್ತಿದರೆ ನಾವು ಸುಮ್ಮನಾಗಬೇಕು. ನನಗೆ ಸೈನ್ ಹಾಕಲು ಬರುತ್ತದೆ ಎಂದೆ. ಟೈಮಿಲ್ಲ, ಒತ್ತು ಎಂದು ಹೆಬ್ಬೆರಳು ಹಿಡಿದು ಒತ್ತಿಸಿದರು.'

ಕೆಂಪು ಪೆನ್ನು ಹಾಳೆಯ ಮೇಲೆ ನಿಂತಿತು. ನಿಂತ ಕಡೆ ಒಂದು ಚುಕ್ಕೆ ದೊಡ್ಡದಾಗುತ್ತ ಹೋಯಿತು.

'ತೋಟದಲ್ಲಿ ಕಾಲು ಜಾರಿ ಬಿದ್ದರು ಎಂದು ಅರ್ಜಿಯಲ್ಲಿ ಇತ್ತು. ಮರದಿಂದ ಬಿದ್ದರು ಎಂದು ಆಸ್ಪತ್ರೆಯ ಕಾಗದದಲ್ಲಿ ಇತ್ತು. ಎರಡೂ ಒಂದಕ್ಕೊಂದು ಹೊಂದಲಿಲ್ಲ ಎಂದು ಅರ್ಜಿ ನಿಂತುಹೋಯಿತು. ಯಾಕೆ ನಿಂತಿತು ಎಂದು ನನಗೆ ಆಗ ತಿಳಿಯಲಿಲ್ಲ. ಹೋದ ವರ್ಷ ಪೆಟ್ಟಿಗೆಯಲ್ಲಿ ಅದರ ಜೆರಾಕ್ಸ್ ಸಿಕ್ಕಿತು. ಕೂತು ಓದಿದೆ. ನಾನು ಒತ್ತಿದ್ದು ಬೇರೆ ಯಾರದೋ ಗಂಡನ ಸಾವಿಗೆ ಎಂದು ಗೊತ್ತಾಯಿತು. ಬರೆದವರಿಗೆ ಅದು ನೆನಪಿರಲಿಕ್ಕಿಲ್ಲ. ನಾನು ಅವರ ಮೇಜಿನ ಸುತ್ತ ದಿನವೂ ಗುಡಿಸುತ್ತೇನೆ. ಬರೆಯುವುದು ಅವರ ಕೆಲಸ, ಗುಡಿಸುವುದು ನನ್ನ ಕೆಲಸ ಎಂದು ಅಭ್ಯಾಸವಾಗಿಬಿಟ್ಟಿದೆ. ಅದಕ್ಕೇ ಈ ಪರಿಚಯವನ್ನೂ ಅವರ ಹತ್ತಿರವೇ ಬರೆಸಿದ್ದೆ. ಅದು ನನ್ನ ತಪ್ಪು. ಓದದೆ ಇನ್ನು ಯಾವ ಕಾಗದಕ್ಕೂ ಬೆರಳು ಒತ್ತಬಾರದು ಎಂದು ಈ ಕ್ಲಾಸಿಗೆ ಸೇರಿದ್ದೇನೆ.'

ಅನಂತರಾಜು ಎರಡು ಸಲ ಓದಿದ. ಹನ್ನೊಂದು ವರ್ಷದ ಹಿಂದೆ ಈ ಬೆಂಚಿನ ಮೇಲೆ ಅಳುತ್ತ ಕೂತ ಒಬ್ಬ ಹೆಂಗಸನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬರಲಿಲ್ಲ. ಸಾವಿರಾರು ಹೆಬ್ಬೆರಳುಗಳು ನೆನಪಾದವು. ಒಂದಕ್ಕೂ ಮುಖವಿರಲಿಲ್ಲ.

ಕದರಮ್ಮ ಬಂದು ನಿಂತಳು. "ತಪ್ಪು ಬಹಳ ಇದ್ವಾ ಸಾರ್?"

"ಮೇಲ್ಗಡೆ ಮೂರು ಇದ್ವು."

"ಕೆಳಗೆ?"

ಅವನು ಹಾಳೆಗಳನ್ನು ಅವಳ ಕಡೆ ಸರಿಸಿದ. ಅವಳ ಮುಖ ನೋಡಲಿಲ್ಲ.

"ಕೆಳಗೆ ನಾನು ತಿದ್ದೋಕೆ ಏನೂ ಇಲ್ಲ. ಐದು ಗಂಟೆ ತನಕ ಯಾಕೆ ಕಾಯ್ತೀಯ? ಈಗ್ಲೇ ಹಾಕು. ಇಲ್ಲಿ ಕೂತ್ಕೊಂಡೇ ಹಾಕು, ನೆಟ್‌ವರ್ಕ್ ಇದೆ."

ಅವಳು ಬೆಂಚಿನ ತುದಿಯಲ್ಲಿ ಕೂತು ಆ ಮೂರು ತಪ್ಪುಗಳನ್ನು ತಿದ್ದಿ, ಹೊಸ ಹಾಳೆಗೆ ಎತ್ತಿ ಬರೆಯತೊಡಗಿದಳು. ಅಷ್ಟರಲ್ಲಿ ಬೀರಯ್ಯ ಕೆಮ್ಮಣ್ಣಿನ ಚಪ್ಪಲಿ ಎಳೆದುಕೊಂಡು ಬಂದ. ಕೈಯಲ್ಲಿ ಹೋದ ವಾರದ ಅರ್ಜಿ.

"ವಾಪಸ್ ಕೊಟ್ಬುಟ್ರು ಸ್ವಾಮಿ. ಒತ್ತುವರಿ ಅಂದ್ರೆ ಜಮೀನು ಅಳತೆ ಮಾಡ್ಬೇಕಂತೆ. ನಿಂದು ಜಮೀನು ಎಷ್ಟು ಹೋಗದೆ ಅಂತ ಕೇಳ್ತಾವ್ರೆ. ನಂದು ಒಂದು ಗೇಣೂ ಹೋಗಿಲ್ಲ. ನಾನೇನಾರ ತಪ್ಪು ಹೇಳಿದ್ನಾ?"

'ನೀನು ಸರಿಯಾಗಿ ಹೇಳ್ಲಿಲ್ಲ' ಎಂಬ ಮಾತು ಅನಂತರಾಜುವಿನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಇಪ್ಪತ್ತೇಳು ವರ್ಷ ಆಡಿ ಆಡಿ ಪಳಗಿದ ಮಾತು. ಪಕ್ಕದಲ್ಲಿ ಕದರಮ್ಮನ ಪೆನ್ನು ಹಾಳೆಯ ಮೇಲೆ ಕಿರ್ರೆನ್ನುತ್ತ ನಿಧಾನವಾಗಿ ಸಾಗುತ್ತಿತ್ತು.

"ಕೂತ್ಕೋ ಬೀರಯ್ಯ," ಎಂದ. "ಆ ಹುಣಸೆ ಮರದ್ದು ಏನೋ ಹೇಳ್ತಿದ್ದೆಯಲ್ಲ, ಹೇಳು."

ಬೀರಯ್ಯ ಅನುಮಾನದಿಂದಲೇ ಶುರು ಮಾಡಿದ. ಹುಣಸೆ ಮರ, ಅದರ ಮಗ್ಗುಲಿನ ಗಾಡಿ ದಾರಿ, ಅಪ್ಪನ ಕಾಲದ ಎತ್ತುಗಳು, ಎಲ್ಲ ಬಂದವು. ಎರಡು ಸಲ ಅನಂತರಾಜುವಿನ ಪೆನ್ನು ತಾನಾಗಿ ಮೇಲೆದ್ದಿತು. ಎರಡು ಸಲವೂ ಕೆಳಗಿಳಿಸಿಕೊಂಡ. ಹೋಗಿದ್ದು ಜಮೀನಲ್ಲ, ದಾರಿ. ಬೇಲಿ ಹಾಕಿದವನು ತನ್ನ ಜಮೀನಿನಲ್ಲೇ ಹಾಕಿದ್ದ, ಆದರೆ ಬೀರಯ್ಯನ ಹೊಲಕ್ಕೆ ಹೋಗುವ ಹಳೇ ದಾರಿ ಮುಚ್ಚಿತ್ತು. ಈ ಮಾತು ಹೇಳಲು ಬೀರಯ್ಯನಿಗೆ ಹತ್ತು ನಿಮಿಷ ಹಿಡಿಯಿತು.

ಬರೆದು ಮುಗಿಸಿದ ಮೇಲೆ ಬೀರಯ್ಯ ರೂಢಿಯಂತೆ ಹೆಬ್ಬೆರಳು ಮುಂದೆ ಚಾಚಿದ.

"ತಡಿ," ಎಂದ ಅನಂತರಾಜು. ಗಂಟಲು ಸರಿಮಾಡಿಕೊಂಡು, ತನ್ನ ದುಂಡು ಅಕ್ಷರವನ್ನು ಮೊದಲ ಸಲ ಗಟ್ಟಿಯಾಗಿ ಓದತೊಡಗಿದ. ನಡುವೆ ಬೀರಯ್ಯ ಕೈಯೆತ್ತಿದ.

"ಎಡಕ್ಕಲ್ಲ ಸ್ವಾಮಿ, ಮರದ ಬಲಕ್ಕೆ ದಾರಿ."

ಅನಂತರಾಜು ಆ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟು ಇನ್ನೊಂದು ಎಳೆದುಕೊಂಡ. "ಮೊದ್ಲೇ ಹೇಳೋಕೆ ಏನಾಗಿತ್ತಯ್ಯ ನಿಂಗೆ," ಎಂದು ಗದರಿದ. ಗದರುತ್ತಲೇ ಬಲಕ್ಕೆ ಎಂದು ಬರೆದ. ಮತ್ತೆ ಮೊದಲಿನಿಂದ ಓದಿದ. ಬೀರಯ್ಯ ಕೊನೆಯವರೆಗೂ ತಲೆಯಾಡಿಸುತ್ತ ಕೇಳಿದ.

"ಸೈನ್ ಹಾಕೋಕೆ ಬರುತ್ತಾ?"

ಅಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆಗೆ ಬೀರಯ್ಯ ನಾಚಿಕೊಂಡ. "ರಾತ್ರಿ ಶಾಲೇಲಿ ಹೆಸರು ಬರಿಯೋದು ಕಲಿಸಿದ್ರು. ಆದ್ರೆ ಬಲು ತಡ ಆಯ್ತದೆ ಸ್ವಾಮಿ."

"ಆಗ್ಲಿ," ಎಂದು ಅನಂತರಾಜು ನೀಲಿ ಪೆನ್ನನ್ನು ಅವನ ಕೈಗೆ ಕೊಟ್ಟು, ಇಂಕ್ ಪ್ಯಾಡಿನ ಮುಚ್ಚಳ ಹಾಕಿದ.