ಎಂಟನೆಯ ದಿನದ ತೊಟ್ಟಿ

"ಇದೇನಯ್ಯಾ ಇದು?" ಎಂದು ಮಲೇರಿಯಾ ಇನ್‌ಸ್ಪೆಕ್ಟರ್ ಕೊಟ್ರಪ್ಪನವರು ಸೌಟನ್ನು ತಿಮ್ಮರಾಯನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಸೌಟಿನ ನೀರಿನಲ್ಲಿ ಎಳ್ಳು ತಿಕ್ಕಿದಾಗ ಉದುರುವ ಸಿಪ್ಪೆಯಂಥವು ಹತ್ತಿಪ್ಪತ್ತು ತೇಲುತ್ತಿದ್ದವು.

"ಪೊರೆ ಸಾರ್."

"ಯಾರ ಪೊರೆ? ನಿಮ್ಮಜ್ಜಿದಾ?"

"ಸೊಳ್ಳೇದು ಸಾರ್."

"ಅಂದ್ರೆ ಸೊಳ್ಳೆ ಹುಟ್ಟಿ, ಪೊರೆ ಬಿಟ್ಟು, ಹಾರಿಹೋಗಿದೆ. ಹೌದಾ? ಮೊಟ್ಟೆಯಿಂದ ಸೊಳ್ಳೆ ಆಗೋಕೆ ಎಷ್ಟು ದಿನ? ಟ್ರೈನಿಂಗ್‌ನಲ್ಲಿ ಏನು ಹೇಳಿಕೊಟ್ಟರು?"

"ಹದಿನಾಲ್ಕು."

"ನೀನು ಈ ತೊಟ್ಟಿ ನೋಡಿ ಎಷ್ಟು ದಿನ ಆಯ್ತು?"

"ಹತ್ತು."

ಕೊಟ್ರಪ್ಪನವರು ತೊಟ್ಟಿಯ ಕಾರ್ಡು ತೆಗೆದು ತೋರಿಸಿದರು. ಹತ್ತು ದಿನದ ಹಿಂದಿನ ತಾರೀಖು, ಅದರ ಮುಂದೆ ತಿಮ್ಮರಾಯನದೇ ಸೊಟ್ಟ ಅಕ್ಷರ: 'ಹುಳ ಇಲ್ಲ.' ಇವತ್ತು ಸೊಳ್ಳೆ ಆಗಿದ್ದರೆ ಅವತ್ತು ಹುಳ ಇರಲೇಬೇಕಿತ್ತು. ಅವನು ನೋಡಿಲ್ಲ. ಮನೆಯಲ್ಲಿ ಬಿದ್ದುಕೊಂಡು ಬರೆದಿದ್ದಾನೆ. ಮಗ್ಗಿ ಬರುವ ಯಾರಿಗಾದರೂ ಅರ್ಥವಾಗುವ ವಿಷಯ.

ತಿಮ್ಮರಾಯನ ಕಿವಿ ಕಾದುಹೋಯಿತು. ಅವತ್ತು ಅವನು ಬಂದಿದ್ದ. ಬೈರಸಂದ್ರದಿಂದ ಸೊಳ್ಳೆಹುಳ ಕೊಲ್ಲುವ ಎಣ್ಣೆಯ ಡಬ್ಬ ಹೊತ್ತು, ಜಯನಗರದ ಈ ಅರ್ಧ ಕಟ್ಟಿದ ಮನೆಗಳ ತೊಟ್ಟಿಯನ್ನೆಲ್ಲ ಬಗ್ಗಿ ಬಗ್ಗಿ ನೋಡಿದ್ದ. ಈ ತೊಟ್ಟಿಯಲ್ಲಿ ಆರು ಸಲ ಸೌಟು ಅದ್ದಿದ್ದ. ನೀರು ಕನ್ನಡಿಯಂತಿತ್ತು. ಕಣ್ಣಾರೆ ಕಂಡಿದ್ದ. ಆದರೆ ಪೊರೆಯೂ ಕಣ್ಣಾರೆ ಕಾಣುತ್ತಿದೆಯಲ್ಲ? ಎರಡೂ ನಿಜವಾಗುವುದು ಹೇಗೆ? ಯಾವ ನನ್ಮಗನ ಲೆಕ್ಕ ಇದು?

ತೊಟ್ಟಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಾವಲಿನ ಮಂಗಮ್ಮ ಇದ್ದಳು. ಅವಳ ಮಗಳು ಹೆರಿಗೆಗೆ ಬಂದಿದ್ದು, ಕೂಸು ಹುಟ್ಟಿ ಇನ್ನೂ ವಾರ ತುಂಬಿರಲಿಲ್ಲ. ಕೊಟ್ರಪ್ಪನವರು ಬಾಗಿಲಿನ ಗೋಣಿತಟ್ಟು ಎತ್ತಿ, ಗೋಡೆಗೆ ಕೂತ ಸೊಳ್ಳೆಗಳನ್ನು ಬೆರಳಿಟ್ಟು ತೋರಿಸಿದರು. "ಇಬ್ಬರು ಗಾರೆಯವರಿಗೆ ಆಗಲೇ ಚಳಿಜ್ವರ. ಒಳಗೆ ಬಾಣಂತಿ. ನಿನಗೆ ಮನುಷ್ಯತ್ವ ಇದೆಯೇನಯ್ಯಾ?"

"ನಾನು ಬಂದಿದ್ದೆ ಸಾರ್. ಮಂಗಮ್ಮನ್ನ ಕೇಳಿ."

"ಬತ್ತಾನೆ ಸ್ವಾಮಿ, ಬತ್ತಾನೆ ಇರ್ತಾನೆ," ಅಂದಳು ಮಂಗಮ್ಮ. "ಯಾವತ್ತು ಬಂದಿದ್ದ ಅಂತ ನಾನೇನ್ ಕ್ಯಾಲೆಂಡರ್ ಇಟ್ಕಂಡಿದೀನಾ?"

ಕೊಟ್ರಪ್ಪನವರು ನಿಂತಿದ್ದು ತೊಟ್ಟಿಯ ನೀರನ್ನೆಲ್ಲ ಚೆಲ್ಲಿಸಿದರು. ತಳ ಉಜ್ಜಿಸಿ ಹೊಸ ನೀರು ತುಂಬಿಸಿದರು. ಆಮೇಲೆ ಸೈಕಲ್ ಹತ್ತುತ್ತಾ ಹೇಳಿದರು: "ನಾನು ಆನೇಕಲ್ ಕಡೆ ಟೂರ್ ಹೋಗ್ತೀನಿ. ಹತ್ತನೇ ದಿನ ಇಲ್ಲಿಗೇ ಬರ್ತೀನಿ. ಅಷ್ಟರಲ್ಲಿ 'ಅವತ್ತು ತೊಟ್ಟಿ ನೋಡಲು ಹೋಗಿರಲಿಲ್ಲ, ತಪ್ಪಾಯಿತು' ಅಂತ ಬರೆದಿಡು. ಕೆಲಸ ಉಳೀತದೆ. ಬರೆಯೋಲ್ಲ ಅಂದ್ರೆ ಡಬ್ಬ ಒಪ್ಪಿಸಿ ಮನೆಗೆ ಹೋಗು. ಸೀಸೇಲಿ ಹುಳ ಗಿಳ ಹಿಡಕೊಂಡು ಬಂದು ಕಥೆ ಹೇಳಬೇಡ, ಯಾವ ಚರಂಡಿದೋ ಯಾರಿಗೆ ಗೊತ್ತು."

ಮಾಡದ ತಪ್ಪಿಗೆ ಬರೆದುಕೊಡುವುದೆಂದರೆ! ಏಳನೇ ಕ್ಲಾಸಿನಲ್ಲಿ ಬೇರೆ ಯಾರೋ ಒಡೆದ ಗಾಜಿಗೆ ಮೇಷ್ಟ್ರು ಇವನ ಕೈ ಚಾಚು ಎಂದಿದ್ದರು. ಚಾಚಲಿಲ್ಲ. ಮಾರನೇ ದಿನದಿಂದ ಸ್ಕೂಲೇ ಇಲ್ಲ. ಇವತ್ತು ರಾತ್ರಿ ಮನೆಗೆ ಬಂದವನು ಮುದ್ದೆಯ ಮುಂದೆ ಕೂತ. ಅವ್ವ ಮುನಿವೆಂಕಟಮ್ಮ ಅಂಬಲಿ ಗಡಿಗೆಯ ಮುಚ್ಚಳ ತೆಗೆದು ಮುಖ ಸಿಂಡರಿಸಿದಳು.

"ಥೂ, ಬೆಳಿಗ್ಗೆ ಇಟ್ಟಿದ್ದು ಆಗ್ಲೇ ಉಬ್ಬಿ ಕುಂತದೆ. ಸಂಕ್ರಾಂತೀಲಿ ಎರಡು ದಿನ ಇಟ್ರೂ ಹುಳಿ ಬರ್ತಿರಲಿಲ್ಲ. ಈ ಬಿಸಿಲಿಗೆ ಎಲ್ಲಕ್ಕೂ ಆತುರ ಕಣೋ."

"ಏನಂದೆ?"

"ಅಂಬಲಿ ಅಂದೆ. ಉಣ್ಣು."

ಅವನು ಉಣ್ಣಲಿಲ್ಲ. ಟ್ರೈನಿಂಗ್ ಕೊಟ್ಟಿದ್ದು ಮಾಗಿಯ ಚಳಿಯಲ್ಲಿ. ಪಿಂಗಾಣಿ ತಟ್ಟೆಯಲ್ಲಿ ಸೊಳ್ಳೆಯ ಮೊಟ್ಟೆ ಇಟ್ಟು ದಿನ ಎಣಿಸಿದ್ದರು. ಹದಿನಾಲ್ಕು ಆಗಿತ್ತು, ಸುಳ್ಳಲ್ಲ. ಈಗ ಏಪ್ರಿಲ್. ಆದರೆ ಜೀವ ಇರುವ ಹುಳ ಅಂಬಲಿಯ ಹಾಗೆ ಬಿಸಿಲಿಗೆ ಆತುರಪಡುತ್ತದೆಯೇ? ಬೇಸಿಗೆ ಅಂತ ಹಸು ಆರು ತಿಂಗಳಿಗೆ ಈಯುತ್ತದೆಯೇ? ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಅವತ್ತಿನಿಂದ ದಿನಾ ತನ್ನ ಸುತ್ತು ಮುಗಿಸಿ ಈ ತೊಟ್ಟಿಗೆ ಬಂದ. ಎರಡನೇ ದಿನ ಕೂದಲೆಳೆಯಂಥ ಹುಳ ಕಂಡಿತು. ಅದು ಸೊಳ್ಳೆಯಾಗುವ ಮುಂಚೆ ಎಣ್ಣೆ ಹಾಕಿದರಾಯಿತು, ಅಲ್ಲಿಯವರೆಗೆ ನೋಡೇಬಿಡೋಣ ಎಂದುಕೊಂಡ. ನಾಲ್ಕನೇ ದಿನ ಹುಳ ಅಕ್ಕಿಕಾಳಿನಷ್ಟಾಯಿತು. ಆರನೇ ದಿನ ತಲೆ ದಪ್ಪಗಾಗಿ, ಮೈ ಕೊಕ್ಕೆಯಂತೆ ಬಾಗಿತು. ಟ್ರೈನಿಂಗ್‌ನಲ್ಲಿ ಕೊಕ್ಕೆಯಾಗಲು ಹನ್ನೊಂದು ದಿನ ಹಿಡಿದಿತ್ತು. ನೀರಿಗೆ ಕೈ ಅದ್ದಿದ. ಮೀಯಲು ಕಾಯಿಸಿಟ್ಟ ಹಂಡೆಯ ನೀರಿನಂತಿತ್ತು.

ಎಂಟನೇ ದಿನ ಮಧ್ಯಾಹ್ನ ತೊಟ್ಟಿಯ ಅಂಚಿಗೆ ಎದೆಯೂರಿ ಬಗ್ಗಿದ. ಒಂದು ಕೊಕ್ಕೆ ಮೇಲೆ ಬಂದು ನೆಟ್ಟಗಾಯಿತು. ಅದರ ಬೆನ್ನು ಸೀಳಿತು. ಸೀಳಿನಿಂದ ತಲೆ ಬಂತು, ಒಂದೊಂದೇ ಕಾಲು ಬಂತು. ಸುತ್ತಲೂ ನೂರಾರು ಕೊಕ್ಕೆಗಳು ಸರದಿಗೆ ಕಾದಂತೆ ಮೇಲೆ ನಿಂತಿದ್ದವು.

"ಎಂಟು! ಎಂಟೇ ದಿನ!" ಎಂದು ಕೂಗಿಬಿಟ್ಟ. ಸಾಹೇಬರೇ ನಿಂತು ತುಂಬಿಸಿದ ನೀರು ಇದು. ಇನ್ನೆರಡು ದಿನ ಹೀಗೇ ಬಿಟ್ಟರೆ ಅವರು ಬಂದಾಗ ತೊಟ್ಟಿ ತುಂಬ ಪೊರೆ. ಆವಾಗ ಏನಂತಾರೆ ನೋಡೋಣ!

"ಯಾರನ್ನ ಬೈತಾ ಇದೀಯಪ್ಪಾ?" ಮಂಗಮ್ಮ ಹೊರಗೆ ಬಂದಳು. "ಮೆಲ್ಲಗೆ. ಕೂಸು ಈಗ ಮಲಗ್ಕಂಡದೆ."

"ಮಂಗಮ್ಮ, ಬಾ ಇಲ್ಲಿ. ನೋಡು. ಸಾಹೇಬರ ಮುಂದೆ ಹೇಳ್ತೀಯಾ, ಎಂಟೇ ದಿನಕ್ಕೆ ಆಯ್ತು ಅಂತ?"

ಅವಳು ಬಗ್ಗಿ ನೋಡಿದಳು. "ನನ್ ಮಾತು ಯಾರ್ ಕೇಳ್ತಾರೆ? ಅಲ್ಲಾ, ಇವೆಲ್ಲಾ ಸೊಳ್ಳೆ ಆಯ್ತವಾ?"

"ನಾಳೆ ಹೊತ್ತಿಗೆ."

"ಇಷ್ಟೂ?"

ಅವನು ತಿರುಗಿ ನೋಡಿದ. ಶೆಡ್ಡಿನ ಗೋಣಿತಟ್ಟು ಗಾಳಿಗೆ ಏಳುತ್ತಾ ಬೀಳುತ್ತಾ ಇತ್ತು. ಒಳಗೆ ಬಾಣಂತಿ ಕೆಮ್ಮಿದಳು. ಎಣ್ಣೆ ಹಾಕಿದರೆ ಎಲ್ಲವೂ ಹುಳವಾಗಿಯೇ ಸಾಯುತ್ತವೆ. ಸತ್ತ ಹುಳ ನೋಡಿ ಕೊಟ್ರಪ್ಪನವರು, ಹತ್ತು ದಿನಕ್ಕೆ ಹುಳ ತಾನೇ ಇರೋದು, ಸರಿಯಾಗಿಯೇ ಇದೆಯಲ್ಲ ಎನ್ನುತ್ತಾರೆ. ಆಮೇಲೆ ತಪ್ಪಾಯಿತೆಂಬ ಕಾಗದ ಕೇಳುತ್ತಾರೆ.

"ಎರಡು ದಿನ ಮಗಳನ್ನ ಬೇರೆ ಎಲ್ಲಾದ್ರೂ..."

"ಹಸಿ ಬಾಣಂತೀನ ಎಲ್ಲಿಗಪ್ಪಾ ಕಳಿಸ್ಲಿ?"

ತಿಮ್ಮರಾಯ ಡಬ್ಬದ ಬಿರಡೆ ಕಿತ್ತ. ಅದು ಹೋಗಿ ಇಟ್ಟಿಗೆ ರಾಶಿಗೆ ಬಡಿಯಿತು. ಯಾರನ್ನೆಂದಿಲ್ಲದೆ ಕೆಟ್ಟದಾಗಿ ಬೈಯುತ್ತಾ, ತೊಟ್ಟಿಯ ನಾಲ್ಕೂ ಮೂಲೆಗೆ ಸುರಿದ.

ನಡುವೆ ಆ ಒಂದು ಸೊಳ್ಳೆ ತನ್ನ ಪೊರೆಯ ಮೇಲೆಯೇ ನಿಂತು ರೆಕ್ಕೆ ಆರಿಸಿಕೊಳ್ಳುತ್ತಿತ್ತು. ಎಣ್ಣೆ ನವಿಲುಬಣ್ಣಕ್ಕೆ ತಿರುಗುತ್ತಾ ಅವಸರವಿಲ್ಲದೆ ಅದರ ಕಡೆ ಹರಡಿಕೊಂಡಿತು. ಪೊರೆ ಒಂದು ಸಲ ವಾಲಿತು. ಮಸುಕಾದ ನೀರಿನಲ್ಲಿ ಸೂರಿಲ್ಲದ ಮನೆಯ ಗೋಡೆಯ ಬಿಂಬ ಅಲ್ಲಾಡಿ, ನಿಧಾನವಾಗಿ ನೆಟ್ಟಗಾಯಿತು.