ನಾಲ್ಕು ಎಲೆ, ಗೋಡೆ ತುಂಬ ಬೇರು

ಹೈದರಾಬಾದಿನ ಮಾದಾಪುರದ ಕಡೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ನಾಯಿಕೊಡೆಯ ಹಾಗೆ ಏಳುತ್ತಿದ್ದ ಕಾಲ. ಅವನ್ನು ಕಟ್ಟುವುದಕ್ಕೆ ದೇವದುರ್ಗ, ಲಿಂಗಸುಗೂರು, ಶಹಾಪುರದ ಕಡೆಯಿಂದ ಬಂದ ನಮ್ಮ ಜನ ಸೈಟಿನ ಮಗ್ಗುಲಲ್ಲೇ ತಗಡಿನ ಮನೆಗಳಲ್ಲಿ ಇದ್ದರು. ಆ ತಗಡಿನ ಸಾಲಿನಲ್ಲಿ ಗದಿಗೆಮ್ಮನ ಬಾಯಿ ಅಂದರೆ ಎಲ್ಲರಿಗೂ ಗೊತ್ತು.

ಸೈಟಿನಲ್ಲಿ ಹೆಂಗಸರಿಗೆ ಒಂದು ಪಾಯಖಾನೆ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಬಂಡೆಗಳ ಮರೆಗೆ ಹೋಗಬೇಕು, ಇಲ್ಲವಾದರೆ ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡು ಬುಟ್ಟಿ ಹೊರಬೇಕು. ಒಂದು ದಿನ ಗದಿಗೆಮ್ಮ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಕಂಟ್ರಾಕ್ಟರ್ ಬಂದು ಏನಾಯಿತು ಎಂದು ಕೇಳಿದ.

"ಕಂಪ್ಯೂಟರ್ ಮಂದಿಗೆ ಅಂತಸ್ತಿಗೆ ನಾಲ್ಕು ಪಾಯಖಾನಿ ಕಟ್ಟಾಕತ್ತೀವಿ. ಕಟ್ಟೋರಿಗೆ ಒಂದೂ ಇಲ್ಲ. ಅದು ಬರೋತನ ಈ ಬುಟ್ಟಿ ಏಳಂಗಿಲ್ರಿ" ಅಂದಳು.

ಮೂವತ್ತು ಹೆಂಗಸರು ಅವಳ ಹಿಂದೆ ಮೂವತ್ತು ಬುಟ್ಟಿ ಬೋರಲು ಹಾಕಿದರು. ನಾಲ್ಕೇ ದಿನಕ್ಕೆ ಪಾಯಖಾನೆ ಬಂತು, ಬಾಗಿಲಿಗೆ ಚಿಲಕವೂ ಬಂತು. ಅಂಥ ಬಾಯಿ ಅದು.

ಆ ಬಾಯಿಯೊಳಗೆ ಎಡಗಲ್ಲದಲ್ಲಿ ಒಂದು ಹುಣ್ಣಾಗಿತ್ತು. ಗದಿಗೆಮ್ಮ ಹದಿನಾರರ ವಯಸ್ಸಿನಿಂದ ಸುಣ್ಣ ತಂಬಾಕು ತಿಕ್ಕಿ ಗಲ್ಲದ ಸಂದಿಗೆ ಇಟ್ಟುಕೊಳ್ಳುವವಳು. ಬುಟ್ಟಿ ಹೊರುವಾಗ ಹಸಿವು ಗೊತ್ತಾಗುವುದಿಲ್ಲ ಎಂದು ಅವ್ವ ಕಲಿಸಿಕೊಟ್ಟ ಚಟ. ಗೋಡೆಗೆ ಸುಣ್ಣ ಬಳಿಯುವ ಮಂದಿಗೆ ಕೈ ಸುಡುವುದು, ಮಾಯುವುದು ಹೊಸದಲ್ಲ. ಇದೂ ಸುಣ್ಣ ಸುಟ್ಟದ್ದೇ ಇರಬೇಕು ಎಂದು ಅವಳು ಮಾಡಿದ ಮದ್ದು ಒಂದೇ: ತಂಬಾಕನ್ನು ಎಡಗಲ್ಲದಿಂದ ತೆಗೆದು ಬಲಗಲ್ಲಕ್ಕೆ ಇಟ್ಟುಕೊಂಡಳು. ಒಂದು ಗಲ್ಲಕ್ಕೆ ರಜೆ, ಇನ್ನೊಂದಕ್ಕೆ ಕೆಲಸ. ನಗಬೇಡಿ, ನಮ್ಮಲ್ಲಿ ಎಷ್ಟು ಜನ ಇದನ್ನೇ ಮಾಡಿಲ್ಲ?

ಪೋಲಿಯೊ ಹನಿ ಹಾಕುವ ಭಾನುವಾರ ಸುವರ್ಣಾ ತಗಡಿನ ಸಾಲಿಗೆ ಬಂದಳು. ಆಳಂದದ ಹುಡುಗಿ, ಈ ಭಾಗದ ಸರ್ಕಾರಿ ದವಾಖಾನೆಯಲ್ಲಿ ನರ್ಸ್. ಗದಿಗೆಮ್ಮ ಹೊಸ್ತಿಲಲ್ಲಿ ಕೂತು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಮೆಲ್ಲಗೆ ನುಂಗುತ್ತಿದ್ದಳು. ಮಗ್ಗುಲ ಮನೆಯ ಉಮಾಬಾಯಿ ಕೊಟ್ಟ ಶೇಂಗಾ ಚಟ್ನಿ ಮುಟ್ಟದೆ ಹಾಗೇ ಇತ್ತು.

"ಅಕ್ಕಾ, ಖಾರ ಬಿಟ್ಟು ಎಷ್ಟು ದಿನ ಆತ್ರಿ?" ಸುವರ್ಣಾ ಕೇಳಿದಳು.

"ಬಾಯಾಗ ಸುಣ್ಣ ಸುಟ್ಟೈತಿ. ಖಾರ ಹತ್ತಿದ್ರ ಉರೀತೈತಿ. ಇಲ್ಲಂದ್ರ ಏನೂ ನೋವಿಲ್ಲ."

"ಒಮ್ಮೆ ಬಾಯಿ ತೆಗೀರಿ, ನೋಡೋಣ."

ಗದಿಗೆಮ್ಮ ಬಾಯಿ ತೆಗೆದಳು. ಮೂರು ಬೆರಳು ಹೋಗುವಷ್ಟು ಬಾಯಿ ಈಗ ಎರಡು ಬೆರಳಿಗೇ ಬಿಗಿಯುತ್ತಿತ್ತು. ಸುವರ್ಣಾ ಬ್ಯಾಟರಿ ಹಿಡಿದು ನೋಡಿದಳು, ಮುಖದಲ್ಲಿ ಏನೂ ತೋರಿಸಲಿಲ್ಲ. ಗದಿಗೆಮ್ಮನ ಮುಂಗೈ ಹಿಡಿದು ಅಲ್ಲಿದ್ದ ಬಿಳಿ ಕಲೆಯೊಂದನ್ನು ಮುಟ್ಟಿದಳು.

"ಇದೇನ್ರಿ?"

"ಅದೂ ಸುಣ್ಣನ. ಹುಡುಗರ ಸಾಲಿ ಗೋಡಿಗೆ ಬಳಿಯೋ ಮುಂದ ಸಿಡೀತು."

"ಎಷ್ಟು ದಿನಕ್ಕ ಮಾಯಿತು?"

"ಎಂಟು ದಿನ."

"ಬಾಯಾಗಿನ ಹುಣ್ಣು ಎಂದಿಂದು?"

"ಸಂಕ್ರಾಂತಿ ಮುಂದ ಆತು."

ಯುಗಾದಿ ಕಳೆದು ವಾರವಾಗಿತ್ತು. ಗದಿಗೆಮ್ಮ ಬೆರಳು ಮಡಚಿ ತಿಂಗಳು ಎಣಿಸಿದಳು.

"ಮೈಯಾಗ ಗಾಯ ಆದ್ರ ಹೊಸ ಕಣ ಹುಟ್ಟಿ ಅದನ್ನ ತುಂಬತಾವ. ತುಂಬಿದ ಮ್ಯಾಲ ನಿಲ್ಲತಾವ" ಎಂದಳು ಸುವರ್ಣಾ. "ಕ್ಯಾನ್ಸರ್ ಕಣಕ್ಕ ನಿಲ್ಲೋದು ಗೊತ್ತಿಲ್ರಿ. ತನ್ನ ಜಾಗ ಮೀರಿ ಬಾಜೂದವರ ಜಾಗಕ್ಕ ನುಗ್ಗತೈತಿ. ಗಲ್ಲದಿಂದ ದವಡಿಗೆ, ಕುತ್ತಿಗಿ ಗಂಟಿಗೆ. ಶುರುವಿಗೆ ನೋಯಂಗಿಲ್ಲ, ಅಲ್ಲೇ ಮಂದಿ ಮೋಸ ಹೋಗ್ತಾರ. ನಿಮಗ ಅದ ಆಗೇತಿ ಅಂತ ನಾ ಹೇಳಾಕತ್ತಿಲ್ಲ. ಒಂದು ಚೂರು ತೆಗದು ಪರೀಕ್ಷಾ ಮಾಡಿಸಿದ್ರ ಮಾತ್ರ ಗೊತ್ತಾಗೋದು."

ಚೂರು ತೆಗೆಯುವ ಮಾತು ಕೇಳಿ ಉಮಾಬಾಯಿ ಒಳಗಿನಿಂದ ಎದ್ದು ಬಂದಳು.

"ಬ್ಯಾಡವ್ವಾ. ಕತ್ತಿ ಹಚ್ಚಿದ್ರ ಅದು ಮೈಯೆಲ್ಲ ಹಬ್ಬತೈತಿ. ನಮ್ಮ ಮೈದುನಗ ಹಂಗ ಆತು. ಚೂರು ತೆಗದ್ರು, ಎರಡ ತಿಂಗಳಿಗೆ ಹೋದ."

"ಅವರು ದವಾಖಾನಿಗೆ ಹೋಗೋದ್ರಾಗ ಹುಣ್ಣಾಗಿ ಎಷ್ಟು ದಿನ ಆಗಿತ್ರಿ?"

"ಒಂದು ವರ್ಷ ಆಗಿತ್ತು. ಗಲ್ಲಕ್ಕ ತೂತು ಬಿದ್ದಿತ್ತು."

"ಹಂಗಾದ್ರ ಕತ್ತಿ ಏನು ಮಾಡೀತ್ರಿ? ಚೂರು ತೆಗದಿದ್ದಕ್ಕ ಅದು ಹಬ್ಬಿದ್ದಲ್ಲ, ಮೊದಲ ಹಬ್ಬಿತ್ತು. ಉಗುರಿಲೆ ಹೋಗೋದಕ್ಕ ಕೊಡಲಿ ಬೇಕಾಗೋತನ ಕಾದ್ರು."

ಗದಿಗೆಮ್ಮನಿಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅದು ಸಿಟ್ಟಲ್ಲ, ಹೆದರಿಕೆ. ಸಾವಿನ ಹೆದರಿಕೆ ಅಷ್ಟಿರಲಿಲ್ಲ. ಬಾಯಿ ಕೊಯ್ದರೆ ಮಾತು ಹೋದೀತು, ಮಾತು ಹೋದರೆ ತಾನು ಬರಿ ಬುಟ್ಟಿ ಹೊರುವ ಒಂದು ತಲೆ ಎಂಬ ಹೆದರಿಕೆ.

"ನನ್ನ ಬಾಯಿಗೆ ಕಂಟ್ರಾಕ್ಟರ್ ಹೆದರತಾನ. ಹುಣ್ಣು ಯಾವ ಲೆಕ್ಕ? ಹೋಗು ನರ್ಸವ್ವಾ, ನಿನ್ನ ಹನಿ ಹಾಕು ಹೋಗು" ಎಂದು ಸೆರಗು ಕೊಡವಿ ಎದ್ದಳು.

ಆ ವಾರವೇ ಅವಳಿಗೂ ಗಂಡ ಅಮರಯ್ಯನಿಗೂ ಮೆಹದಿಪಟ್ಟಣಂನಲ್ಲಿ ಕೆಲಸ ಸಿಕ್ಕಿತು. ಹಳೆಯ ಬಂಗಲೆಯೊಂದನ್ನು ಯಾವುದೋ ಕಾಲ್ ಸೆಂಟರಿನವರು ಬಾಡಿಗೆಗೆ ಹಿಡಿದಿದ್ದರು, ಕಾಂಪೌಂಡ್ ಗೋಡೆ ರಿಪೇರಿ ಆಗಬೇಕಿತ್ತು. ಅಮರಯ್ಯ ಗೌಂಡಿ, ಗಾರೆ ಕೆಲಸದವನು. ಅವನು ಒಡೆಯುವುದು, ಇವಳು ಹೊರುವುದು.

ಗೋಡೆಯ ನೆತ್ತಿಯ ಮೇಲೆ ಅರಳಿಯ ಸಸಿಯೊಂದು ನಾಲ್ಕು ಎಲೆ ಆಡಿಸುತ್ತ ನಿಂತಿತ್ತು. ದೇವರ ಗಿಡ ಎಂದು ಅದನ್ನು ಯಾರೂ ಕಿತ್ತಿರಲಿಲ್ಲ. ಪ್ರತಿ ದಸರೆಗೆ ಎಲೆ ಚಿವುಟಿ, ಬಿರುಕಿನ ಮೇಲೆ ಸುಣ್ಣ ಬಳಿದು ಸುಮ್ಮನಾಗುತ್ತಿದ್ದರು ಎಂದು ಕಾವಲಿನ ಮುದುಕ ಹೇಳಿದ. ಅಮರಯ್ಯನೂ ಚಪ್ಪಲಿ ಬಿಟ್ಟು, ಕೈ ಮುಗಿದು, ಗುಡಿಯ ಹಿಂದೆ ಒಯ್ದು ನೆಡೋಣ ಎಂದುಕೊಂಡೇ ಗಿಡ ಎಳೆದ. ಎಲೆ ಕೈಗೆ ಬಂತು, ಗಿಡ ಬರಲಿಲ್ಲ.

ಒಂದೊಂದೇ ಇಟ್ಟಿಗೆ ಬಿಚ್ಚಿದ. ಬೇರು ಕೆಳಗೆ ಹೋಗಿತ್ತು. ಏಳು ವರಸೆ ಇಟ್ಟಿಗೆ ಬಿಚ್ಚಿದರೂ ಮುಗಿಯಲಿಲ್ಲ. ಮೇಲೆ ಗೇಣುದ್ದದ ಸಸಿ, ಒಳಗೆ ತೋಳು ದಪ್ಪದ ಬೇರು, ಅದಕ್ಕೆ ಲಾಡಿಯ ಹಾಗೆ ಚಪ್ಪಟೆಯಾದ ನೂರು ಎಳೆಗಳು. ಹೊರಗಿನಿಂದ ನೋಡಿದರೆ ಗೋಡೆ ಬೆಳ್ಳಗೆ, ಚೆಂದಾಗಿ ಇತ್ತು.

"ನೋಡಿಲ್ಲೆ" ಎಂದ ಅಮರಯ್ಯ. "ಇಟ್ಟಂಗಿ ಒಡದಿಲ್ಲ. ಇಟ್ಟಂಗಿ ನಡುವಿನ ಸಂದಿ ಹಿಡದು ಹೊಂಟೈತಿ. ಅದಕ್ಕ ಯಾರಿಗೂ ಗೊತ್ತಾಗಿಲ್ಲ."

ಗದಿಗೆಮ್ಮ ಬುಟ್ಟಿ ಕೆಳಗಿಟ್ಟಳು. ಬಿಚ್ಚಿದ ಗೋಡೆಯನ್ನು ನೋಡುತ್ತ ನಿಂತವಳ ನಾಲಿಗೆ ತಾನಾಗಿಯೇ ಎಡಗಲ್ಲದ ಹುಣ್ಣಿಗೆ ಹೋಯಿತು. ಅದರ ಅಂಚು ಗಟ್ಟಿಯಾಗಿತ್ತು.

"ಏನ್ರಿ, ಇದನ್ನ ಪೂರಾ ತೆಗೀಬೇಕಂದ್ರ?"

"ಸುತ್ತಿನ ಇಟ್ಟಂಗಿನೂ ತೆಗೀಬೇಕು. ಚಲೋ ಇದ್ರೂ ತೆಗೀಬೇಕು. ಒಂದು ಎಳಿ ಉಳದ್ರ ಮತ್ತ ಚಿಗರತೈತಿ."

"ಗೋಡಿ ಉಳಿತೈತೇನು?"

"ಈಗ ತೆಗದ್ರ ಉಳಿತೈತಿ. ಇನ್ನೆರಡು ಮಳಿಗಾಲ ಬಿಟ್ರ ಗೋಡಿನ ಇರಂಗಿಲ್ಲ."

ಅವಳು ಬಲಗಲ್ಲದ ತಂಬಾಕನ್ನು ಉಗುಳಿದಳು. ಸೊಂಟದ ಚೀಲದಿಂದ ತಂಬಾಕು, ಸುಣ್ಣದ ಡಬ್ಬಿ ಎರಡನ್ನೂ ತೆಗೆದು ಒಡೆದ ಗಾರೆಯ ಬುಟ್ಟಿಗೆ ಹಾಕಿದಳು.

"ನಾಳಿ ಕೆಲಸಕ್ಕ ಬರಂಗಿಲ್ಲ. ನರ್ಸವ್ವನ ಕೂಡ ದವಾಖಾನಿಗೆ ಹೊಕ್ಕೀನಿ. ನೀವೂ ಬರ್ರಿ" ಎಂದಳು. ಅಮರಯ್ಯ ಒಮ್ಮೆ ಬೇರನ್ನು, ಒಮ್ಮೆ ಅವಳ ಗಲ್ಲವನ್ನು ನೋಡಿದ. ಬರ್ತೀನಿ ಎಂದ.

ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಜೋಳದ ಕಾಳಿನಷ್ಟು ಚೂರು ತೆಗೆದರು. ಹತ್ತು ದಿನಕ್ಕೆ ಫಲಿತಾಂಶ ಬಂತು. ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ಅವರು ತೆಲುಗಿನಲ್ಲಿ ಹೇಳಿದರು, ಸುವರ್ಣಾ ಕನ್ನಡದಲ್ಲಿ ಹೇಳಿದಳು: ಇದು ಕ್ಯಾನ್ಸರ್. ಗಲ್ಲದ ಒಳಗೆ ಬೇರು ಇಳಿಸಿದೆ. ಆದರೆ ದವಡೆಯ ಎಲುಬು ಮುಟ್ಟಿಲ್ಲ, ನಾಲಿಗೆ ಮುಟ್ಟಿಲ್ಲ.

ಗದಿಗೆಮ್ಮ ಸುವರ್ಣಾಳ ಕಡೆ ತಿರುಗಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಮಾತು ಉಳಿತೈತೇನು ಕೇಳು."

"ಮೊದಲಿನಂಗ ಸಾಫ್ ಇರಲಿಕ್ಕಿಲ್ಲ, ಆದ್ರ ಉಳಿತೈತಿ ಅಂತಾರ. ಇನ್ನಾರು ತಿಂಗಳು ಬಿಟ್ಟು ಬಂದಿದ್ರ ಈ ಮಾತು ಹೇಳಾಕ ಆಗ್ತಿದ್ದಿಲ್ಲಂತ."

"ಹಂಗಾದ್ರ ತೆಗೀರಿ ಅನ್ನು. ಸುತ್ತಿನ ಚಲೋ ಇಟ್ಟಂಗಿನೂ ತೆಗೀರಿ ಅನ್ನು. ಒಂದ ಎಳಿ ಬಿಡಬ್ಯಾಡ್ರಿ."

ಡಾಕ್ಟರಮ್ಮನಿಗೆ ಇಟ್ಟಿಗೆಯ ಮಾತು ಅರ್ಥವಾಗಲಿಲ್ಲ. ಸುವರ್ಣಾ ಬಿಡಿಸಿ ಹೇಳಿದ ಮೇಲೆ, ನಾವು ಮಾಡುವುದೂ ಅದೇ, ಸುತ್ತಲಿನ ಒಳ್ಳೆಯ ಮಾಂಸವನ್ನೂ ಒಂದಿಷ್ಟು ಸೇರಿಸಿ ತೆಗೆಯುತ್ತೇವೆ, ಎಂದರು.

ಆಪರೇಷನ್ ಆಯಿತು. ತೊಡೆಯ ಚರ್ಮ ತೆಗೆದು ಗಲ್ಲಕ್ಕೆ ಹಚ್ಚಿದರು, ಕುತ್ತಿಗೆಯ ಗಂಟುಗಳನ್ನೂ ತೆಗೆದರು. ಆಮೇಲೆ ಆರು ವಾರ ಕರೆಂಟಿನ ಚಿಕಿತ್ಸೆ, ಅಂದರೆ ರೇಡಿಯೇಷನ್. ಬಾಯಿ ಒಣಗಿತು, ಗಂಜಿಯೂ ಇಳಿಯಲಿಲ್ಲ, ನೋವಿಗೆ ಅತ್ತಳು. ಎರಡು ತಿಂಗಳು ಅವಳ ಬಾಯಿಂದ ನೆಟ್ಟಗೆ ಒಂದು ಮಾತು ಬರಲಿಲ್ಲ. ಆದರೂ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು, ಡಾಕ್ಟರಮ್ಮ ಹೇಳಿದ ಹಾಗೆ ಬಾಯಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ ಹಟ ಸಾಧಿಸಿದಳು.

ದಸರೆಯ ಹೊತ್ತಿಗೆ ಸೈಟಿಗೆ ಬಂದಳು. ಎಡಗಲ್ಲ ಒಳಗೆ ಎಳೆದುಕೊಂಡಿತ್ತು, ತುಟಿ ಒಂದು ಕಡೆಗೆ ವಾಲಿತ್ತು. ಅವಳಿಲ್ಲದ ದಿನಗಳಲ್ಲಿ ಕಂಟ್ರಾಕ್ಟರ್ ಹೆಂಗಸರ ಪಾಯಖಾನೆಯಲ್ಲಿ ಸಿಮೆಂಟ್ ಚೀಲ ತುಂಬಿ ಬೀಗ ಹಾಕಿದ್ದ. ಹೆಂಗಸರು ಮತ್ತೆ ಬಂಡೆಗಳ ಕಡೆ ನಡೆಯುತ್ತಿದ್ದರು.

ಗದಿಗೆಮ್ಮ ನೆಟ್ಟಗೆ ಆ ಬಾಗಿಲಿಗೆ ಹೋಗಿ ಬುಟ್ಟಿ ಬೋರಲು ಹಾಕಿ ಕೂತಳು. ಕಂಟ್ರಾಕ್ಟರ್ ಅವಳ ಮುಖ ನೋಡಿ, ಪಾಪ, ಇವಳಿಗೆ ಇನ್ನೇನು ಮಾತು ಬಂದೀತು ಎಂದು ಮೇಸ್ತ್ರಿಗೆ ಹೇಳಿದ.

"ಚೀಲ ತೆಗೀರಿ" ಎಂದಳು ಗದಿಗೆಮ್ಮ.

ಮಾತು ದಪ್ಪಗಿತ್ತು, ಅಂಚು ಜಾರುತ್ತಿತ್ತು. ಕೇಳಿಸಲಿಲ್ಲ ಎನ್ನುವ ಹಾಗೆ ಅವನು ಕಿವಿಯ ಮೇಲೆ ಕೈ ಇಟ್ಟ.

"ಕ್ಯಾನ್ಸರಿಗೆ ಕೇಳಿಸೇತಿ, ನಿಮಗ ಕೇಳಸಂಗಿಲ್ಲೇನು? ಚೀಲ ತೆಗೀರಿ."

ಹಿಂದೆ ಮೂವತ್ತು ಬುಟ್ಟಿಗಳು ಬೋರಲು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಮಧ್ಯಾಹ್ನದೊಳಗೆ ಬೀಗ ತೆರೆಯಿತು, ಚೀಲಗಳು ಹೊರಬಿದ್ದವು.

ಅಂದೇ ಊಟದ ಹೊತ್ತಿಗೆ ಅವಳು ನೀರಿನ ಡ್ರಮ್ಮಿನ ಹತ್ತಿರ ಬಿಸಿಲಿಗೆ ಕನ್ನಡಿ ಹಿಡಿದು ನಿಂತಳು. ಎಲ್ಲರೂ ಬಾಯಿ ತೆಗೆದು ತೋರಿಸಬೇಕು, ಗಂಡಸರೂ ಸೇರಿ. ಮೊದಲು ಬಂದವಳು ಉಮಾಬಾಯಿ. ಅವಳ ಕೆಳತುಟಿಯ ಒಳಗೆ ಹೆಬ್ಬೆರಳಷ್ಟು ಬಿಳಿ ಮಚ್ಚೆ ಇತ್ತು.

"ಸುಣ್ಣ ಸುಟ್ಟಿರಬೇಕು" ಎಂದಳು ಉಮಾಬಾಯಿ, ಸಣ್ಣ ದನಿಯಲ್ಲಿ.

"ಸೋಮವಾರ ನನ್ನ ಕೂಡ ಹೊಂಡು" ಎಂದಳು ಗದಿಗೆಮ್ಮ. ಸೋಮವಾರ ಉಮಾಬಾಯಿ ಅವಳ ಜೊತೆ ಹೊರಟಳು.

ಅಕ್ಕ ತಂಗಿಯರೆ, ಅಣ್ಣ ತಮ್ಮಂದಿರೆ, ಇದನ್ನು ಓದಿದವರು, ಕೇಳಿದವರು ನಾಳೆ ಬೆಳಿಗ್ಗೆ ಬಿಸಿಲಿಗೆ ನಿಂತು ಕನ್ನಡಿಯಲ್ಲಿ ನಿಮ್ಮ ಬಾಯಿ ನೋಡಿಕೊಳ್ಳಿ. ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಿಗಿಯುತ್ತಿರುವ ಬಾಯಿ, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೋಗಿ ತೋರಿಸಿ. ನೋವಿಲ್ಲ ಎಂದು ಕೂರಬೇಡಿ. ಚೂರು ತೆಗೆದರೆ ಹಬ್ಬುತ್ತದೆ ಎನ್ನುವವರ ಮಾತು ನಂಬಬೇಡಿ, ಬಿಟ್ಟರೆ ಹಬ್ಬುತ್ತದೆ. ತಂಬಾಕನ್ನು ಈ ಗಲ್ಲದಿಂದ ಆ ಗಲ್ಲಕ್ಕೆ ಇಡಬೇಡಿ, ಬಿಟ್ಟೇ ಬಿಡಿ. ನಾಲ್ಕು ಎಲೆ ಚಿವುಟಿ ಮೇಲೆ ಸುಣ್ಣ ಬಳಿದರೆ ಗೋಡೆ ಉಳಿಯುವುದಿಲ್ಲ. ನಿಮ್ಮ ಬಾಯಿ ನಿಮ್ಮದು, ಅದನ್ನು ಹುಣ್ಣಿಗೆ ಬಿಟ್ಟುಕೊಡಬೇಡಿ.